ಬ್ಯಾಕ್‌ಸ್ಪೇಸ್ ಕೂಡ ಒಂದು ಕೀ

ಶಿಕಾರಿಪುರದಲ್ಲಿ ನನಗೆ ಟೈಪಿಂಗ್ ಕಲಿಸಿದ ಮೇಡಂ ಪಾಠ ನಿಲ್ಲಿಸುತ್ತಾರೆಂಬ ಸುದ್ದಿ ಸೊರಬಕ್ಕೆ ಬಂದಾಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೂಡಲೇ ಬಸ್ಸು ಹತ್ತಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹತ್ತಲಿಲ್ಲ. ಎರಡು ಭಾನುವಾರ ಸುಮ್ಮನಿದ್ದು ಮೂರನೆಯದಕ್ಕೆ ಹೋದೆ.

ನಾವು ಕಲಿಯುವಾಗ ಮೇಡಂ ತರಗತಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಕೀ ನೋಡಬಾರದೆಂದು ನಮ್ಮ ಕೈಗಳ ಮೇಲೆ ಟವೆಲ್ಲು. ಹತ್ತು ಟೈಪ್‌ರೈಟರ್‌ಗಳ ಸದ್ದಿನಲ್ಲಿ ಯಾರ ಕಿರುಬೆರಳು ತಪ್ಪಿತೆಂದು ತಿರುಗದೆಯೇ ಹೇಳುತ್ತಿದ್ದರು. ಈಗ ಎಲ್ಲ ಕಂಪ್ಯೂಟರ್. ಕೀಬೋರ್ಡಿಗೆ ಅಂಥ ಸದ್ದಿಲ್ಲ. ತಪ್ಪನ್ನು ಅಳಿಸಿದರೆ ಗುರುತೂ ಇಲ್ಲ.

"ಕೇಳಿಸ್ದೇ ಇದ್ಮೇಲೆ ಏನಂತ ಕಲಿಸ್ಲಪ್ಪ? ಈ ಬ್ಯಾಚ್ ಮುಗಿದ್ರೆ ಬಾಗ್ಲು ಹಾಕ್ತೀನಿ," ಅಂದರು.

ಮುಂದಿನ ಸಲ ನಾನೊಂದು ಪ್ರೋಗ್ರಾಂ ಬರೆದುಕೊಂಡು ಹೋದೆ. ಟೈಪ್ ಮಾಡಿ ಮುಗಿಸಿದ ಪುಟವನ್ನು ಮೂಲದ ಜೊತೆ ಹೋಲಿಸಿ ತಪ್ಪು ತೋರಿಸುವಂಥದ್ದು. ಆ ಬ್ಯಾಚಿನ ಎಂಟೂ ಹುಡುಗಿಯರಿಗೆ ತಪ್ಪು ಸೊನ್ನೆ ಬಂತು.

"ಎಲ್ರೂ ನನಗಿಂತ ಜಾಣರಾಗ್ಯಾರೆ ನೋಡು," ಅಂದರು ಮೇಡಂ. "ಕೊನೇ ಸಿಸ್ಟಮ್ಮಿನ ಹುಡುಗಿ ಕೈ ಎಷ್ಟು ಸಲ ಆ ಮೇಲಿನ ಮೂಲೆಗೆ ಹೋಯ್ತು. ನಿನ್ನ ಪ್ರೋಗ್ರಾಂ ನಿದ್ದೆ ಮಾಡ್ತಿತ್ತಾ?"

"ಅಳಿಸಿದ್ಮೇಲೆ ತಪ್ಪು ಎಲ್ಲೈತ್ರೀ ಮೇಡಂ?" ಅಂದಳು ಆ ಹುಡುಗಿ.

"ಬೆರಳಲ್ಲೈತೆ."

ನಾನು ಪುಟವನ್ನು ನೋಡಿದ್ದೆ, ಬೆರಳನ್ನಲ್ಲ. ಮತ್ತೆ ಮೊದಲಿನಿಂದ, ಫಂಕ್ಷನಲ್ ಎನ್ನುವ ಬಗೆಯ ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಬರೆದೆ. ಅಲ್ಲಿ ಇದ್ದದ್ದನ್ನು ತಿದ್ದುವ ಹಾಗಿಲ್ಲ. ಇದುವರೆಗೆ ಒತ್ತಿದ ಕೀಗಳ ಪಟ್ಟಿಯನ್ನೂ ಈಗ ಒತ್ತಿದ ಕೀಯನ್ನೂ ಫಂಕ್ಷನ್ನಿಗೆ ಕೊಟ್ಟರೆ ಹೊಸ ಪಟ್ಟಿ ಬರುತ್ತದೆ. ಹಳೆಯದು ಹಾಗೇ ಉಳಿಯುತ್ತದೆ. ಮೊದಲ ಪ್ರಯತ್ನದಲ್ಲಿ ಅಕ್ಷರ ಮೂಡಿಸುವ ಕೀಗಳಷ್ಟೇ ಸಿಕ್ಕವು. ಬ್ಯಾಕ್‌ಸ್ಪೇಸ್ ಅಕ್ಷರ ಮೂಡಿಸುವುದಿಲ್ಲವಲ್ಲ. ಕೀ ಕೆಳಗಿಳಿಯುವ ಕ್ಷಣವನ್ನೇ ಹಿಡಿದಾಗ ಅದೂ ಸಿಕ್ಕಿತು. ಒತ್ತಿ ಹಿಡಿದರೆ ಒಂದೇ ಕೀ ಹತ್ತಾರು ಸಲ ಬರತೊಡಗಿತು. ಬಿಟ್ಟ ಕ್ಷಣವನ್ನೂ ಹಿಡಿದು ಅದನ್ನೂ ಸರಿಮಾಡಿದೆ.

ಈ ಸಲ ಪರೀಕ್ಷಿಸಲು ಮೇಡಂ ತಾವೇ ಕೂತರು. ಒಂದು ಪುಟ ಮುಗಿಸಿ ಪರದೆ ನೋಡಿದರು. ಅಳಿಸಿದ್ದು: ಒಂದು.

"ನಾನು ಅಳಿಸಿಲ್ಲ."

ಪಟ್ಟಿ ತೆರೆದು ತೋರಿಸಿದೆ. ಮೂರನೇ ಸಾಲಿನಲ್ಲಿ ಒಂದು ತಪ್ಪು ಕೀ, ಬೆನ್ನಿಗೇ ಬ್ಯಾಕ್‌ಸ್ಪೇಸ್, ಆಮೇಲೆ ಸರಿಯಾದ ಕೀ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹೌದಪ್ಪ, ಅಳಿಸೀನಿ. ನನಗೇ ಗೊತ್ತಾಗ್ಲಿಲ್ಲ, ಇದಕ್ಕೆ ಗೊತ್ತಾಗೈತೆ."

ಅವರು ನಕ್ಕರೆಂದು ಬಹಳ ಜನಕ್ಕೆ ಹೇಳಿದ್ದೇನೆ. ನಕ್ಕಿದ್ದರೋ, ನಾನು ಸೇರಿಸಿದೆನೋ, ಈಗ ತಿಳಿಯದು. ನೆನಪನ್ನು ಸದ್ದಿಲ್ಲದೆ ತಿದ್ದಿಕೊಳ್ಳುವವನು ನಾನು. ಆ ಪಟ್ಟಿ ಹಾಗೆ ಮಾಡುವುದಿಲ್ಲ. ಅದನ್ನು ಕಟ್ಟಿದವನು ನಾನೇ ಎಂಬ ಹೆಮ್ಮೆಯನ್ನು ಮುಚ್ಚಿಡಲಾರೆ.

ಹೊರಟಾಗ ಮೇಡಂ ಮಾಳಿಗೆಯ ಮೆಟ್ಟಿಲವರೆಗೂ ಬಂದರು.

"ಕೆಳಗಿನ ಅಂಗಡಿಯವ್ರಿಗೆ ಹೇಳ್ಬಿಡು, ಮೇಡಂ ಮಾಳಿಗೆ ಬಿಡಲ್ಲಂತೆ ಅಂತ. ಸಾಮಾನಿಡಾಕೆ ಆಗ್ಲೇ ಅಳತೆ ತಗಂಡು ಹೋಗ್ಯಾರೆ."

ಇಳಿದು ಹೋಗಿ ಹೇಳಿದೆ. ಯಾವ ಮಾತಿನಲ್ಲಿ ಎಂಬುದು ನೆನಪಿಲ್ಲ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದೆ.