ಲಾಭ, ಒಂದು, ಎರಡು

ನಿನ್ನೆ ನನ್ನ ನಾಯಿ ಚಿಕ್ಕುವಿನ ಊಟದ ಹೊಸ ಚೀಲ ಕತ್ತರಿಸಿದೆ. ಕತ್ತರಿ ಹಾಕಿದ್ದೇ ತಡ, ಒಣಮೀನಿನ ವಾಸನೆ ಅಡುಗೆಮನೆ ತುಂಬಿತು. ಚೀಲದ ಮೇಲೆ ಕೋಳಿಯ ಚಿತ್ರ ಇದೆ, ಕ್ಯಾರೆಟ್ಟಿನ ಚಿತ್ರ ಇದೆ, ಹಲ್ಲು ಕಿರಿದು ನಗುವ ಬಿಳಿ ನಾಯಿಯ ಚಿತ್ರವೂ ಇದೆ. ಒಳಗಿನ ವಾಸನೆ ಮಾತ್ರ ಥೇಟ್ ಒಣ ಸೀಗಡಿಯದ್ದು. ಇದನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ಪರ್ಕಳದ ಈ ಬಾಡಿಗೆ ಮನೆಯ ಕೆಳ ಅಂತಸ್ತಿನಲ್ಲಿದ್ದ ದೊಡ್ಡಮ್ಮ. ಮೊದಲ ಸಲ ಚೀಲಕ್ಕೆ ಮೂಗು ತೂರಿಸಿ, “ಅಯ್ಯೋ, ಇದು ನಮ್ಮ ಎರ್ಮಾಳಿನ ಅಂಗಳದ ವಾಸನೆ ಅಲ್ವಾ!” ಎಂದು ಮುಖ ಅರಳಿಸಿದ್ದರು. ನಾಯಿಗಿಂತ ಹೆಚ್ಚು ಆಸೆಯಿಂದ ಆ ಚೀಲವನ್ನು ನೋಡಿದ್ದು ಅವರೇ ಇರಬೇಕು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾಗಿರಲಿಲ್ಲ. ಮನೆಯ ಯಜಮಾನಿ, ಅಷ್ಟೆ. ಕಾರ್ಕಳದಿಂದ ಟ್ರಂಕು, ಹಾಸಿಗೆ ಹೊತ್ತುಕೊಂಡು ಬಂದ ದಿನ “ಆಂಟಿ” ಎಂದು ಕರೆದಿದ್ದೆ. “ಆಂಟಿ ಗೀಂಟಿ ಬೇಡ, ದೊಡ್ಡಮ್ಮ ಅನ್ನು” ಎಂದರು. ಎರ್ಮಾಳಿನ ಮೀನುಗಾರರ ಮನೆಯ ಮಗಳು. ಮದುವೆಯಾಗಿ ಪರ್ಕಳಕ್ಕೆ ಬಂದು ಕಡಲಿನಿಂದ ದೂರವಾದದ್ದು ಅವರಿಗೆ ಕೊನೆಯತನಕ ಒಂದು ಸಣ್ಣ ಮುನಿಸು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ರುಚಿ ಪೂರ್ತಿ ಬರುವುದಿಲ್ಲ.

ಚಿಕ್ಕು ನನಗೆ ಸಿಕ್ಕಿದ್ದು ಪರ್ಕಳದ ರಸ್ತೆಯ ಬದಿಯಲ್ಲಿ. ಯಾವುದೋ ಬೈಕು ತಾಗಿ ಹಿಂದಿನ ಕಾಲು ಮುರಿದುಕೊಂಡು ಬಿದ್ದಿದ್ದ ಮರಿ, ಹಣ್ಣಾದ ಚಿಕ್ಕುವಿನ ಬಣ್ಣ. ಉಡುಪಿಯ ನಾಯಿ ಡಾಕ್ಟರು ಆ ಕಾಲಿನೊಳಗೆ ಒಂದು ರಾಡ್ ಇಟ್ಟು ಹೊಲಿದು, “ಇವಳು ಓಡಾಡ್ತಾಳೆ. ಆದರೆ ಭಾರ ಏರಲಿಕ್ಕೆ ಬಿಡಬೇಡಿ” ಎಂದು ಕಟ್ಟಪ್ಪಣೆ ಮಾಡಿದರು. ಅನ್ನ, ಸಾರು, ಮೀನು ಯಾವುದೂ ಇಲ್ಲ. ಒಣ ಆಹಾರ ಮಾತ್ರ, ಅದೂ ಅಳೆದು. ಬೆಳಿಗ್ಗೆ ಎರಡು ಕಪ್, ಸಂಜೆ ಎರಡು ಕಪ್, ಚೀಲದ ಜೊತೆ ಬರುವ ಪ್ಲಾಸ್ಟಿಕ್ ಕಪ್ಪಿನಲ್ಲಿ ಗೆರೆಯ ತನಕ.

ಅಳೆಯುವುದು ನನಗೆ ಹೊಸತಲ್ಲ. ಮಣಿಪಾಲದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ, ದಿನವಿಡೀ ಹನಿ ಲೆಕ್ಕದ ಸಹವಾಸ. ತೊಂದರೆ ಎಂದರೆ ಬೆಳಗಿನ ಪಾಳಿ. ಬೆಳಕು ಹರಿಯುವಾಗಲೇ ಬಸ್ಸು ಹಿಡಿಯಬೇಕು, ಚಿಕ್ಕುವಿಗೋ ಅಷ್ಟು ಬೇಗ ಹಸಿವೆಯೇ ಇಲ್ಲ. ಹಾಗಾಗಿ ಬೆಳಗಿನ ಊಟ ದೊಡ್ಡಮ್ಮನ ಪಾಲಿಗೆ ಬಂತು. ಚೀಲ, ಕಪ್ಪು ಎರಡನ್ನೂ ಅವರ ಜಗಲಿಯಲ್ಲಿಟ್ಟು ಹೇಳಿದ್ದೆ. “ಎರಡು ಕಪ್, ದೊಡ್ಡಮ್ಮ. ಎರಡೇ.”

“ನನಗೆ ಎರಡು ಗೊತ್ತಿಲ್ವಾ ಮಾರಾಯ್ತಿ?” ಎಂದಿದ್ದರು.

ಅವರು ಪ್ರಾಣಿಗಳಲ್ಲಿ ಚಿಕ್ಕುವಿನ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದರು! ಬೀದಿನಾಯಿಗಳಿಗೆ ತುಳು, ಬೆಕ್ಕಿಗೆ ತುಳು, ಕಾಗೆಗೂ ತುಳು. ಚಿಕ್ಕುವಿಗೆ ಕನ್ನಡ. ಯಾಕೆ ಎಂದು ಕೇಳಿದರೆ, “ಪ್ಯಾಕೆಟ್ ತಿನ್ನುವ ನಾಯಿಗೆ ತುಳು ಬರ್ತದಾ?” ಎಂದು ನನ್ನನ್ನೇ ಕೇಳಿದರು. ಮನುಷ್ಯರಲ್ಲಿ ಅವರು ಕನ್ನಡ ಬಳಸುತ್ತಿದ್ದದ್ದು ಡಾಕ್ಟರು, ಮೇಷ್ಟ್ರು, ಬಸ್ ಕಂಡಕ್ಟರು ಇಂಥವರ ಹತ್ತಿರ ಮಾತ್ರ. ಆದ್ದರಿಂದ ನಾಯಿಗೂ ಬಹುವಚನವೇ. “ಬನ್ನಿ, ಕುಳಿತುಕೊಳ್ಳಿ. ನಿಧಾನವಾಗಿ ಊಟ ಮಾಡಿ. ಅವಸರ ಮಾಡಬೇಡಿ.” ಇಷ್ಟು ಮರ್ಯಾದೆ ಆ ಮನೆಯ ಅಳಿಯನಿಗೂ ಸಿಕ್ಕಿದ್ದನ್ನು ನಾನು ಕಾಣೆ. ಚಿಕ್ಕು ಬಾಲ ಅಲ್ಲಾಡಿಸುತ್ತ ಕೂತು, ನಿಜವಾಗಿಯೂ ನಿಧಾನವಾಗಿ ತಿನ್ನುತ್ತಿದ್ದಳು.

ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಚಿಕ್ಕುವಿನ ಸೊಂಟ ಮಾಯವಾಯಿತು. ಕುತ್ತಿಗೆಯ ಪಟ್ಟಿಗೆ ಇನ್ನೊಂದು ತೂತು ಹೊಡೆಸಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ನನ್ನ ಮುಖ ನೋಡುತ್ತಿದ್ದಳು, ಆ ಹಿಂದಿನ ಕಾಲು ನಡುಗುತ್ತಿತ್ತು. ಉಡುಪಿಗೆ ಕರೆದುಕೊಂಡು ಹೋದೆ.

ಡಾಕ್ಟರು ತೂಕ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಂತ ಹಾಕ್ತೀರಿ ಇವಳಿಗೆ?”

“ನೀವು ಹೇಳಿದ್ದೇ. ಅಳೆದೇ ಹಾಕೋದು ಡಾಕ್ಟ್ರೇ.”

“ಅಳೆದು ಹಾಕಿದ ನಾಯಿ ಹೀಗೆ ಇರ್ತದಾ ಮಾರಾಯ್ರೆ?” ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ನೋಡಿ, ಭಾರ ಹೀಗೇ ಏರಿದರೆ ಆ ಕಾಲು ತಡೆಯುವುದಿಲ್ಲ. ಇನ್ನೊಮ್ಮೆ ಮುರಿದರೆ ಸರಿಮಾಡಲಿಕ್ಕೆ ನನ್ನ ಕೈಯಲ್ಲಿಯೂ ಆಗುವುದಿಲ್ಲ.”

ಬಸ್ಸಿಗೆ ಕಾಯುವ ಮನಸ್ಸೂ ಇಲ್ಲದೆ ರಿಕ್ಷಾ ಮಾಡಿ ಬಂದೆ. ನನಗೆ ಸಿಟ್ಟು ಬರುವುದು ಬೇಗ. ಬಂದವಳೇ ಗೇಟಿನಿಂದಲೇ ಕೂಗಿದೆ. “ದೊಡ್ಡಮ್ಮ, ಇವಳಿಗೆ ಮೀನು ಸಾರಿನ ಅನ್ನ ಹಾಕಿದ್ದೀರಾ?” ಅವರು ತುಳಸಿಕಟ್ಟೆಯ ಕಡೆ ಕೈ ತೋರಿಸಿ ಆಣೆ ಮಾಡಿದರು, ಒಂದು ಅಗುಳು ಅನ್ನವನ್ನೂ ಹಾಕಿಲ್ಲವೆಂದು. ತುಳಸಿಯ ಆಣೆ ಕೇಳಿ ನನ್ನ ಸಿಟ್ಟು ಅಲ್ಲೇ ಇಳಿಯಿತು. ಆದರೆ ನಾಯಿ ಗಾಳಿ ಕುಡಿದು ದಪ್ಪವಾಗುತ್ತದೆಯೇ?

ಮರುದಿನ ರಜೆ ಹಾಕಿ ಮೆಟ್ಟಿಲಲ್ಲಿ ಕೂತೆ. ದೊಡ್ಡಮ್ಮ ಜಗಲಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದ ಬಾಯಿ ಬಿಚ್ಚಿದರು. ಕಪ್ಪು ತುಂಬಿ, ಮೇಲೆ ಗೋಪುರ ಬರುವಷ್ಟು ತುಂಬಿ, ತಟ್ಟೆಗೆ ಸುರಿದರು. ಗಟ್ಟಿಯಾಗಿ ಹೇಳಿದರು.

“ಲಾಭ.”

ಇನ್ನೊಂದು ಸುರಿದು, “ಒಂದು.” ಮತ್ತೊಂದು ಸುರಿದು, “ಎರಡು.” ಅನಂತರ ಚೀಲದೊಳಗೆ ಕೈಹಾಕಿ ಒಂದು ಮುಷ್ಟಿ ತೆಗೆದು ಮೇಲಿನಿಂದ ಉದುರಿಸಿ, “ಕೊಸರು” ಎಂದು ಕೈ ಕೊಡವಿದರು. ಚಿಕ್ಕುವಿನ ಕಡೆ ತಿರುಗಿ, “ಬನ್ನಿ, ಊಟ ಮಾಡಿ.”

ನಗಬೇಕೋ ಅಳಬೇಕೋ ತಿಳಿಯದೆ ನಾನು ಮೆಟ್ಟಿಲಲ್ಲೇ ಹಣೆ ಚಚ್ಚಿಕೊಂಡೆ. ಅಕ್ಕಿ ಅಳೆಯುವಾಗ ಮೊದಲಿನದಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ನನ್ನ ಅಜ್ಜಿಗೂ ಇದ್ದ ರೂಢಿ. ಆದರೆ ಅಜ್ಜಿ ಲಾಭದ ನಂತರ ‘ಎರಡು’ ಎನ್ನುತ್ತಿದ್ದರು. ದೊಡ್ಡಮ್ಮನ ತವರಿನಲ್ಲಿ ಒಣ ಸೀಗಡಿ ಅಳೆದು ಕೊಡುವಾಗ ಲಾಭ ಲೆಕ್ಕಕ್ಕೇ ಇಲ್ಲವಂತೆ. ಅದು ಕೊಡುವವರ ಕೈ ಬರಿದಾಗದಿರಲಿ ಎಂದು ಮೊದಲು ಹಾಕುವುದು. ಲೆಕ್ಕ ಶುರುವಾಗುವುದು ಆಮೇಲೆ. ಕೊನೆಯಲ್ಲಿ ಕೊಸರು ಹಾಕದಿದ್ದರೆ ಕೊಟ್ಟದ್ದು ಪೂರ್ತಿಯಾಗುವುದಿಲ್ಲ. ಹೀಗೆ ನನ್ನ ಎರಡು ಕಪ್ಪು ಅವರ ಕೈಯಲ್ಲಿ ಮೂರಾಗಿ, ಮೂರಕ್ಕೆ ಮೂರು ಗೋಪುರ ಬಂದು, ಮೇಲೊಂದು ಮುಷ್ಟಿಯೂ ಸೇರಿತ್ತು. ಅವರ ಲೆಕ್ಕದಲ್ಲಿ ಮಾತ್ರ ಅದು ಆಗಲೂ ಎರಡೇ.

ವಿಷಯ ಬಿಡಿಸಿ ಹೇಳಿದೆ. ಲಾಭ ಬೇಡ, ಕೊಸರು ಬೇಡ, ಗೆರೆಯ ತನಕ ಎರಡು, ಅಷ್ಟೆ ಎಂದೆ. ಅವರು ಕಪ್ಪನ್ನು ಕೈಯಲ್ಲಿ ತಿರುಗಿಸಿ ಗೆರೆ ನೋಡಿದರು.

“ಗೆರೆ ನೋಡಿ ಹಾಕುವುದು ಔಷಧಿ, ಮಗಾ. ಊಟ ಹಾಗೆ ಬಡಿಸ್ತಾರಾ?”

“ಅವಳಿಗೆ ಊಟವೇ ಔಷಧಿ ದೊಡ್ಡಮ್ಮ.”

“ಹಾಗಾದರೆ ನನ್ನಿಂದ ಆಗುವುದಿಲ್ಲ. ಇಷ್ಟು ವಯಸ್ಸಾದ ಮೇಲೆ ಒಂದು ಬಾಯಿಗೆ ಕೈ ಬಿಗಿ ಹಿಡಿದು ಬಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದು ಎದ್ದು ಒಳಗೆ ಹೋದರು. ಚೀಲ ಜಗಲಿಯಲ್ಲೇ ಉಳಿಯಿತು. ನಾನೇ ಹೊತ್ತುಕೊಂಡು ಮೇಲೆ ಬಂದೆ. ಆ ಇಡೀ ದಿನ ಚಿಕ್ಕು ಮೆಟ್ಟಿಲ ತುದಿಯಲ್ಲಿ ಕೂತು ಕೆಳಗೆ ನೋಡುತ್ತಿದ್ದಳು. ಅವಳ ಕಾಲು ಉಳಿಸಲು ಹೋಗಿ ನಾನು ದೊಡ್ಡಮ್ಮನನ್ನು ಕಳೆದುಕೊಂಡೆನೋ ಎಂದು ಯೋಚನೆಯಾಯಿತು.

ಮರುದಿನ ಸಂಜೆ ಮೆಟ್ಟಿಲಲ್ಲಿ ಏದುಸಿರು ಕೇಳಿ ಬಾಗಿಲು ತೆರೆದೆ. ದೊಡ್ಡಮ್ಮ! ಮೊಣಕಾಲು ನೋವಿನಿಂದ ಮಹಡಿಯ ಕಡೆ ತಲೆ ಎತ್ತಿಯೂ ನೋಡದವರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಮಡಿಲಲ್ಲಿ ತೆಂಗಿನ ಗೆರಟೆಗಳು, ಕಾಯಿ ತುರಿದು ಉಳಿದ ಬರೀ ಚಿಪ್ಪುಗಳು. ಒಲೆಗೆಂದು ಕೂಡಿಟ್ಟ ರಾಶಿಯಿಂದ ಸಣ್ಣ ಸಣ್ಣವನ್ನೇ ಆರಿಸಿ, ನಾರು ಹೆರೆದು ತಂದಿದ್ದರು.

“ಲಾಭ ಬಿಡಲಿಕ್ಕೆ ಆಗುವುದಿಲ್ಲ” ಎಂದರು ಉಸಿರು ಸುಧಾರಿಸಿಕೊಂಡು. “ಪಾತ್ರೆ ಸಣ್ಣದು ಮಾಡುವ, ಆಗದಾ?”

ಆಗದೆ ಏನು! ನನ್ನ ಅಡುಗೆಮನೆಯ ತೂಕದ ಮೆಷಿನ್ ನೆಲಕ್ಕೆ ಇಳಿಸಿದೆವು. ಮೊದಲು ಎರಡು ಕಪ್ಪಿನ ತೂಕ ನೋಡಿಕೊಂಡೆವು. ಆಮೇಲೆ ಒಂದೊಂದೇ ಗೆರಟೆಯಲ್ಲಿ ಲಾಭ, ಒಂದು, ಎರಡು, ಕೊಸರು. ಒಂದು ಗೆರಟೆ ದೊಡ್ಡದಾಯಿತು, ಇನ್ನೊಂದು ಇನ್ನೂ ಸ್ವಲ್ಪ ದೊಡ್ಡದು, ಮತ್ತೊಂದು ಕೈಗೂಸಿನ ಆಟಿಕೆಯ ಹಾಗೆ ತೀರಾ ಸಣ್ಣದು. ಕೊಸರು ಮಾತ್ರ ಅವರ ಮುಷ್ಟಿಯದ್ದೇ ಆಗಬೇಕು, ಅದರಲ್ಲಿ ರಾಜಿ ಇಲ್ಲ. ಅಷ್ಟು ಕೆಲಸ ಮಾಡಿದ ಕೈ, ಆದರೂ ಶಾಲೆಗೆ ಹೋಗುವ ಹುಡುಗಿಯ ಮುಷ್ಟಿಯಷ್ಟೇ ಇತ್ತು. ಪ್ರತಿ ಸಲ ಸುರಿದಾಗಲೂ ಚಿಕ್ಕು ಊಟ ಬಂತೆಂದು ಎದ್ದು ನಿಲ್ಲುವುದು, ನಾವು ಅದನ್ನು ವಾಪಸ್ಸು ಚೀಲಕ್ಕೆ ಹಾಕುವುದು, ಅವಳು ನಿಟ್ಟುಸಿರು ಬಿಟ್ಟು ಕೂರುವುದು. “ಕ್ಷಮಿಸಿ, ಸ್ವಲ್ಪ ಕಾಯಿರಿ” ಎಂದು ದೊಡ್ಡಮ್ಮ ಅವಳನ್ನು ಸಮಾಧಾನ ಮಾಡುತ್ತಿದ್ದರು. ನಾನು ನಕ್ಕು ನಕ್ಕು ಗೋಡೆಗೆ ಒರಗಿದ್ದೆ. ಕೊನೆಗೆ ಒಂದು ವಾರೆಯಾದ, ಕರಿ ಬಣ್ಣದ ಗೆರಟೆ ಸರಿಹೋಯಿತು. ಲಾಭವೂ ಬಂತು, ಕೊಸರೂ ಬಂತು, ಮೆಷಿನ್ನಿನಲ್ಲಿ ಡಾಕ್ಟರ ಎರಡು ಕಪ್ಪೇ ಬಂತು.

ಇಳಿಯುವ ಮೊದಲು ಚಿಕ್ಕುವಿನ ಹಿಂದಿನ ಕಾಲು ನೀವಿದರು. “ನನ್ನ ಕಾಲಂತೂ ಹೋಯಿತು. ಇವರದ್ದಾದರೂ ಉಳಿಯಲಿ” ಎಂದರು.

ಉಳಿಯಿತು. ಸೊಂಟ ಮೆಲ್ಲಗೆ ವಾಪಸ್ಸು ಬಂತು, ಮೆಟ್ಟಿಲ ನಡುವೆ ನಿಲ್ಲುವುದು ತಪ್ಪಿತು. ಡಾಕ್ಟರು, “ಈಗ ಸರಿಯಾಗಿ ಅಳೆಯುತ್ತೀರಿ” ಎಂದು ಮೆಚ್ಚಿದಾಗ ನಾನು ಗೆರಟೆಯ ಸುದ್ದಿ ಎತ್ತಲಿಲ್ಲ. ಆ ನಂತರದ ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ… ಜಗಲಿಯಲ್ಲಿ ಬೆಳಗಿನ ಬಿಸಿಲು, ಕೊಬ್ಬರಿ ಎಣ್ಣೆ ಹಚ್ಚಿ ಹೊಳೆಯುವ ಗೆರಟೆ, ನಾಯಿಗೆ ಬಹುವಚನ…

ಮೊಣಕಾಲಿನ ಜೊತೆ ಎದೆಯೂ ಕೈಕೊಟ್ಟಾಗ ಅವರ ಮಗಳು ಅವರನ್ನು ಕಾಪುವಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ಗೆರಟೆಯನ್ನು ನನ್ನ ಕೈಗೆ ಕೊಟ್ಟರು. ಲ್ಯಾಬಿನಲ್ಲಿ ಹಗಲಿನ ಪಾಳಿಗೆ ಬದಲಾಯಿಸಿಕೊಂಡು, ಮರುದಿನ ಬೆಳಿಗ್ಗೆ ನಾನೇ ಅಳೆದು ಇಟ್ಟೆ. ಸಂಜೆ ನನ್ನ ಕೈಯಿಂದ ತಿನ್ನುವ ಚಿಕ್ಕು ಬೆಳಗಿನ ತಟ್ಟೆಯ ಹತ್ತಿರವೂ ಬರಲಿಲ್ಲ. ಅದರ ಮರುದಿನವೂ ಅದೇ. ಕಾಪುವಿಗೆ ಫೋನ್ ಮಾಡಿದೆ.

“ನೀನು ಲಾಭ ಹೇಳಿದೆಯಾ?” ಎಂದು ಕೇಳಿದರು.

“ಇಲ್ಲ. ಸುಮ್ಮನೆ ಹಾಕಿದೆ.”

“ಮತ್ತೆ? ಕರೆಯದೆ ಯಾರಾದರೂ ಊಟಕ್ಕೆ ಬರ್ತಾರಾ?”

ಫೋನ್ ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಯಲ್ಲಿದ್ದದ್ದನ್ನು ಚೀಲಕ್ಕೆ ಸುರಿದು ಮೊದಲಿನಿಂದ ಅಳೆದೆ. “ಲಾಭ” ಎಂದ ಕೂಡಲೇ ಒಳಕೋಣೆಯಿಂದ ಉಗುರಿನ ಸದ್ದು ಕೇಳಿತು.

ಒಂದು ಭಾನುವಾರ ಚಿಕ್ಕುವನ್ನು ಕಾಪುವಿಗೆ ಕರೆದುಕೊಂಡು ಹೋದೆ. ದೊಡ್ಡಮ್ಮ ಕಿಟಕಿಯ ಬಳಿ ಮಂಚದಲ್ಲಿದ್ದರು, ಗಾಳಿಯಲ್ಲಿ ಕಡಲಿನ ವಾಸನೆ ಇತ್ತು. ಬಹಳ ಇಳಿದುಹೋಗಿದ್ದರು, ಆದರೆ ಮುಖ ತಿಳಿಯಾಗಿತ್ತು. ಡಬ್ಬಿಯಲ್ಲಿ ಊಟ ತಂದಿದ್ದೆ, ಗೆರಟೆ ಮರೆತಿದ್ದೆ. ಅವರು ಕೈಯಿಂದಲೇ ಅಳೆದು ಲಾಭ ಎಂದರು, ಒಂದು, ಎರಡು ಎಂದರು. ಆಮೇಲೆ ಬಾಗಿ, “ಬಲ ಚಿಕ್ಕು, ಬಲ” ಎಂದು ಕರೆದರು.

ತುಳು! ‘ಬನ್ನಿ’ ಹೋಗಿ ‘ಬಾ’ ಆಗಿತ್ತು. ನನಗೆ ನಗು ತಡೆಯಲಾಗಲಿಲ್ಲ. “ಪ್ಯಾಕೆಟ್ ತಿನ್ನುವ ನಾಯಿಗೆ ತುಳು ಬರ್ತದಾ ದೊಡ್ಡಮ್ಮ?”

“ಬಾರದೆ ಎಂತ?” ಎಂದರು. “ಇಷ್ಟು ವರ್ಷ ನನ್ನ ಲಾಭ ತಿಂದಿಲ್ವಾ ಅವಳು?”

ನಾನು ಅವರನ್ನು ಮಾತಾಡಿಸಿದ್ದು ಅದೇ ಕೊನೆ. ಆ ಮಳೆಗಾಲ ಮುಗಿಯುವ ಮೊದಲೇ ಹೋದರು… ಸುದ್ದಿ ಬಂದ ದಿನ ಲ್ಯಾಬಿನ ಮೂಲೆಯಲ್ಲಿ ನಿಂತು ಅತ್ತೆ. ನನ್ನ ರಕ್ತಸಂಬಂಧದ ದೊಡ್ಡಮ್ಮಂದಿರಿಗೂ ಅಷ್ಟು ಅತ್ತಿರಲಿಲ್ಲ.

ಈಗ ಕೆಳಗಿನ ಮನೆಯಲ್ಲಿ ಮಣಿಪಾಲಕ್ಕೆ ಓದಲು ಬಂದ ಹುಡುಗರಿದ್ದಾರೆ. ಬೆಳಿಗ್ಗೆ ಮಹಡಿಯಿಂದ “ಲಾಭ” ಎಂದು ಕೇಳಿಸುವುದು ಏನೆಂದು ಅವರಿಗೆ ಅರ್ಥವಾಗಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ. ಚಿಕ್ಕುವಿನ ಮೂತಿ ಬೆಳ್ಳಗಾಗಿದೆ. ಕಾಲು ಗಟ್ಟಿ ಇದೆ, ಮೆಟ್ಟಿಲು ನನಗಿಂತ ಮೊದಲು ಹತ್ತುತ್ತಾಳೆ.

ನಿನ್ನೆಯ ಹೊಸ ಚೀಲದಿಂದ ಇವತ್ತು ಬೆಳಿಗ್ಗೆ ಅಳೆದೆ. ಲಾಭ, ಒಂದು, ಎರಡು. ಚಿಕ್ಕು ತಟ್ಟೆಯ ಮುಂದೆ ಕೂತು ಕಾದಳು, ಕೊಸರು ಬೀಳದೆ ಅವಳು ಬಾಯಿ ಹಾಕುವುದಿಲ್ಲ. ನನ್ನ ಕೈ ದೊಡ್ಡದು. ನನ್ನ ಮುಷ್ಟಿ ತುಂಬ ಹಾಕಿದರೆ ಲೆಕ್ಕ ತಪ್ಪುತ್ತದೆ. ಅವರ ಮುಷ್ಟಿಯಷ್ಟೇ ಬರಬೇಕಾದರೆ ನಾನು ಎರಡು ಬೆರಳು ಮಡಚಿಕೊಳ್ಳಬೇಕು. ಮಡಚಿಕೊಂಡು ಹಾಕಿದೆ.