ಎರ್ನಾ ಸ್ಕೀ ಶಾಲೆಗೆ ಹೋದದ್ದು

ಎರ್ನಾಳ ತೊಡೆಗಳು ಉರಿಯತೊಡಗಿ ಕೆಲವು ಚಳಿಗಾಲಗಳೇ ಆಗಿದ್ದವು, ಆದರೆ ಡಾಕ್ಟರರೊಬ್ಬರನ್ನು ಬಿಟ್ಟು ಊರಿನಲ್ಲಿ ಯಾರಿಗೂ ಅದರ ಸುಳಿವಿರಲಿಲ್ಲ. ನಮ್ಮ ಕಣಿವೆಯ ಹೆಂಗಸರು ಹೆರಿಗೆಯ ನೋವನ್ನಾದರೂ ಊರೆಲ್ಲ ಕೇಳುವಂತೆ ಹೇಳಿಕೊಂಡಾರು, ಹಿಮದಲ್ಲಿ ಜಾರುವ ಸ್ಕೀ ಹಲಗೆಯ ಮೇಲೆ ಕಾಲು ಸೋತಿತೆಂದು ಮಾತ್ರ ಬಾಯಿಬಿಡುವುದಿಲ್ಲ.

ಅವಳು ಗುಡ್ಡದ ತುದಿಯಲ್ಲಿರುವ ಊಟದ ಮನೆಯಲ್ಲಿ ಅಡುಗೆಯವಳು. ಸಂಜೆ ಕೇಬಲ್ ಕಾರು ಕೊನೆಯ ಗಿರಾಕಿಗಳನ್ನು ಇಳಿಸಿ ನಿಂತರೂ ಅವಳ ಕೆಲಸ ಮುಗಿದಿರುತ್ತಿರಲಿಲ್ಲ. ಒಲೆ ಒರೆಸಿ, ಮರುದಿನ ಸಾರಿನಲ್ಲಿ ಬಡಿಸುವ ಉಂಡೆಗೆ ಒಣ ಬ್ರೆಡ್ಡನ್ನು ಹಾಲಿನಲ್ಲಿ ನೆನೆಹಾಕಿ, ಆಮೇಲೆ ಸ್ಕೀ ಕಟ್ಟಿಕೊಂಡು ಮನೆಗೆ ಇಳಿಯಬೇಕು. ಆ ಇಳಿತವೇ ಅವಳ ಪಾಲಿಗೆ ದಿನದ ಹಬ್ಬ. ಸಾರಿಗೆ ಉಪ್ಪು ಜಾಸ್ತಿ, ಉಂಡೆ ಸಣ್ಣದು ಎನ್ನುವವರ ನಡುವೆ ದಿನವಿಡೀ ಬೆಂದು ಬಂದವಳಿಗೆ, ಆ ಖಾಲಿ ಇಳಿಜಾರಿನಲ್ಲಿ ಯಾರ ಹಂಗೂ ಇರುತ್ತಿರಲಿಲ್ಲ. ಗಾಳಿ ಕೆನ್ನೆಗೆ ಹೊಡೆಯುತ್ತಿದ್ದರೆ ಹಾಡಿಕೊಳ್ಳುತ್ತ ಇಳಿಯುವಳು. ಅವಳ ಹಾಡು ಕೇಳಬಾರದು, ಅಷ್ಟು ಅಪಸ್ವರ. ಅಲ್ಲಿ ಕೇಳುವವರಾದರೂ ಯಾರಿದ್ದರು!

ಹಾಗಿದ್ದವಳು ಒಂದು ಸಂಜೆ ಕರಡಿ ಓಣಿ ಎಂಬ ಕಡಿದಾದ ಜಾಗದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಚೆನ್ನಾಗಿಯೇ ಕೂಡಿತು. ಆದರೆ ಮರುವರ್ಷ ಸ್ಕೀ ಮೇಲೆ ನಿಂತಾಗ ಅರ್ಧ ದಾರಿಗೇ ತೊಡೆಗಳು ಕೆಂಡವಾದವು. ಮೊದಮೊದಲು ಒಂದು ಕಡೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು, ಬರಬರುತ್ತ ತಿರುವು ತಿರುವಿಗೂ ನಿಲ್ಲುವಂತಾಯಿತು. ಈ ಚಳಿಗಾಲದಲ್ಲಂತೂ ಮನೆ ಮುಟ್ಟುವುದರೊಳಗೆ ಕತ್ತಲು ಕವಿಯುತ್ತಿತ್ತು. ಡಾಕ್ಟರರು ಕಾಲು ಒತ್ತಿ ನೋಡಿ, "ವಯಸ್ಸಾಯ್ತಲ್ಲ ಎರ್ನಾ," ಎಂದು ಮುಗಿಸಿದರು. ಅವಳು ಸುಮ್ಮನಿರುವ ಪೈಕಿಯಲ್ಲ. ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಸ್ಕಿ ಹೊಡೆದಳು. ತೊಡೆಗಳು ಕಲ್ಲಿನಂತೆ ಗಟ್ಟಿಯಾದವು, ಆದರೂ ಉರಿ ಎಳ್ಳಷ್ಟೂ ಇಳಿಯಲಿಲ್ಲ.

ಊಟದ ಮನೆಯ ಯಜಮಾನ ಬಾರ್ಟ್ಲ್ ಕೊನೆಗೆ ಬಾಯಿಬಿಟ್ಟ. "ನೋಡಕ್ಕಾ, ನೀನು ಕತ್ತಲಲ್ಲಿ ಎಲ್ಲಾದ್ರೂ ಬಿದ್ದು ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಮುಂದಿನ ತಿಂಗಳು ಕಾರ್ನಿವಲ್ ಹಬ್ಬ ಮುಗಿಯೋದ್ರೊಳಗೆ ಮೊದಲಿನ ಹಾಗೆ ನಿಲ್ಲದೆ ಇಳಿಯೋದಾದ್ರೆ ಸರಿ, ಇಲ್ಲಾಂದ್ರೆ ಆಮೇಲೆ ನಿನ್ ಗಂಡನ ಗಾಡೀಲೇ ಇಳಿ. ಆಗಲ್ಲ ಅಂದ್ರೆ ಅಡುಗೆಗೆ ಬೇರೆಯವರನ್ನ ನೋಡ್ತೀನಿ."

ಅವಳ ಗಂಡ ಲೋಯಿಸ್ ಇಳಿಜಾರಿನ ಹಿಮವನ್ನು ಹರಗಿ ಸಮ ಮಾಡುವ ದೊಡ್ಡ ಯಂತ್ರ ಓಡಿಸುತ್ತಾನೆ. "ಬಂದು ಪಕ್ಕದಲ್ಲಿ ಕೂತ್ಕೊಳೇ," ಎಂದ ಅವನು. "ಬೆಚ್ಚಗಿರ್ತದೆ, ರೇಡಿಯೋನೂ ಇದೆ."

"ಆಲೂಗಡ್ಡೆ ಮೂಟೆ ಥರ ಕೂತ್ಕೊಂಡು ಊರಿಗಿಳೀಲಾ?"

"ಮೂಟೆಯಾದ್ರೆ ಬಾಯಿ ಮುಚ್ಕೊಂಡಾದ್ರೂ ಇರ್ತದೆ."

ಅವಳು ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋದಳು. ಸಂಬಳ ಎಲ್ಲಿಯಾದರೂ ಹುಟ್ಟುತ್ತಿತ್ತು. ಹೋಗುತ್ತಿದ್ದದ್ದು ಅವಳ ಇಳಿತ, ಇಡೀ ದಿನದಲ್ಲಿ ಅವಳದೇ ಆದ ಅಷ್ಟೇ ಹೊತ್ತು.

ನಮ್ಮಲ್ಲಿ ಸ್ಕೀ ಯಾರೂ ಕಲಿಯುವುದಿಲ್ಲ. ನಡಿಗೆ ಬಂದ ಹಾಗೆ ಅದೂ ಬರುತ್ತದೆ, ಬಂದದ್ದು ಹೋಗುವುದಿಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ಸ್ಕೀ ಶಾಲೆಗಳು ಇರುವುದು ಬಯಲುಸೀಮೆಯವರಿಗೆ, ಹಾಲೆಂಡಿನಿಂದಲೋ ಹ್ಯಾಂಬರ್ಗಿನಿಂದಲೋ ಬಂದು ದುಡ್ಡು ಕೊಟ್ಟು ಬೀಳುವವರಿಗೆ. ಊರಿನವರು ಯಾರಾದರೂ ಅಲ್ಲಿ ಕಾಲಿಟ್ಟರೆಂದರೆ ಮೊಮ್ಮಕ್ಕಳ ಕಾಲದವರೆಗೂ ಅಡ್ಡಹೆಸರು ತಪ್ಪಿದ್ದಲ್ಲ. ಆದರೂ ತೊಡೆ ಕಲ್ಲಾದರೂ ಉರಿ ಹೋಗದಿದ್ದ ಮೇಲೆ ತಪ್ಪು ತಾನು ಇಳಿಯುವ ರೀತಿಯಲ್ಲೇ ಇದ್ದೀತೆಂದು ಎರ್ನಾಳಿಗೆ ಅನುಮಾನ. ಆದ್ದರಿಂದ ಅವಳು ತನ್ನ ರಜೆಯ ಗುರುವಾರ ಹಲ್ಲುನೋವೆಂದು ಗಂಡನಿಗೆ ಹೇಳಿ, ನಾದಿನಿಯ ಗುಲಾಬಿ ಬಣ್ಣದ ಜಾಕೀಟು ತೊಟ್ಟು, ಗುಡ್ಡ ದಾಟುವ ಬಸ್ಸು ಹತ್ತಿ ಆಚೆ ಕಣಿವೆಗೆ ಹೋದಳು.

ಅಲ್ಲಿ ಪಾಠ ಹೇಳುವವಳು ಗಿಟ್ಟಿ ಎಂಬ ನಲವತ್ತರ ಹೆಂಗಸು. ಮುಖವೆಲ್ಲ ಬಿಸಿಲಿಗೆ ಸುಟ್ಟು ಕನ್ನಡಕದ ಜಾಗ ಮಾತ್ರ ಬೆಳ್ಳಗಿತ್ತು. ಎರ್ನಾ ನಾಲಿಗೆಯನ್ನು ಇಸ್ತ್ರಿ ಮಾಡಿಕೊಂಡು ಹೇಳಿದಳು: "ನಾನು ವಿಯೆನ್ನಾ ನಗರದಿಂದ ಬಂದಿದ್ದೇನೆ. ಹಿಂದೆ ಸ್ವಲ್ಪ ಅಭ್ಯಾಸವಿತ್ತು."

"ಬನ್ನಿ ಬನ್ನಿ. ಆ ಮರದ ತನಕ ಇಳಿದು ತೋರ್ಸಿ."

ಎರ್ನಾ ಇಳಿದಳು. ಅವಳ ಜೊತೆ ಕಲಿಯಲು ಬಂದಿದ್ದ ಡಚ್ ದಂಪತಿ ಚಪ್ಪಾಳೆ ತಟ್ಟಿದರು. ಗಿಟ್ಟಿ ತಟ್ಟಲಿಲ್ಲ. ಹತ್ತಿರ ಬಂದು ಬಗ್ಗಿ ಎರ್ನಾಳ ಬೂಟನ್ನು ನೋಡಿದಳು. "ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದೀರಿ? ಪಾದದ ಕೀಲು ಬಗ್ಗೋಕೆ ಜಾಗವೇ ಇಲ್ವಲ್ಲ. ಮೇಲಿನ ಬಕಲ್ ಬಿಚ್ಚಿ."

"ಬಿಚ್ಚಿದರೆ ಕಾಲು ಮುರಿಯುತ್ತದೆ!"

"ಈ ಜಾಗದಲ್ಲಿ ಹಸು ಕೂಡ ಬೀಳಲ್ಲ. ಬಿಚ್ಚಿ."

ಬಕಲ್ ಬಿಚ್ಚಿ ಹೊರಟವಳು ಎರಡು ಮಾರು ಹೋಗುವುದರೊಳಗೆ ಹಿಂದಕ್ಕೆ ಮಗುಚಿ ದೊಪ್ಪನೆ ಕೂತಳು. "ಅಯ್ಯೋ, ನಿನ್ ಮನೆ ಹಾಳಾಗ, ಹಾಳಾದ್ ಮುಂಡೇದೇ!" ಎಂದು ಸ್ಕೀ ಹಲಗೆಗೆ ಹಿಡಿಶಾಪ ಹಾಕಿದಳು.

ಗಿಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾವ ವಿಯೆನ್ನಾನಕ್ಕಾ ನಿಂದು? ಇದು ಗುಡ್ಡದ ಆಚೆ ಬೈಗುಳ. ನಮ್ಮಜ್ಜಿ ಊರೂ ಅದೇ."

ಎರ್ನಾಳ ಮುಖ ಜಾಕೀಟಿಗಿಂತ ಕೆಂಪಾಯಿತು. "ಯಾರಿಗೂ ಹೇಳ್ಬೇಡ್ವೇ ತಾಯಿ," ಎಂದಳು ಹಿಮದಲ್ಲಿ ಕೂತಲ್ಲಿಂದಲೇ. ಆಮೇಲೆ ಹಿಂದೆ ಬಿದ್ದು ಕಾಲು ಮುರಿದದ್ದು, ತೊಡೆಯ ಉರಿ, ಬಾರ್ಟ್ಲ್ ಹೇಳಿದ್ದು ಎಲ್ಲವನ್ನೂ ಹೇಳಿಕೊಂಡಳು.

ಗಿಟ್ಟಿ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. "ಕುರ್ಚಿ ಇಲ್ದೆ ಕುರ್ಚೀಲಿ ಕೂತ ಹಾಗೆ ಎಷ್ಟೊತ್ತು ಇರ್ತೀಯಕ್ಕಾ? ನೀನು ಗುಡ್ಡದ ತುದಿಯಿಂದ ಊರ ತನಕ ಹಂಗೇ ಕೂತ್ಕೊಂಡು ಇಳೀತಿದೀಯ. ಕೀಲು ಬಗ್ಗಲ್ಲ, ಮಂಡಿ ಒಂದೇ ಬಗ್ತದೆ, ಅಂಡು ಹಿಂದಕ್ಕೆ ಹೋಗ್ತದೆ. ಮೂಳೆ ಹೊರಬೇಕಾದ ಭಾರನೆಲ್ಲ ತೊಡೆ ಹೊರ್ತಿದೆ. ನಿನ್ ತೊಡೇಲಿ ಶಕ್ತಿ ಇಲ್ಲ ಅಂದೋರು ಯಾರು? ಅದಕ್ಕೆ ಕೈಮುಗೀಬೇಕು."

"ಹಿಂದಕ್ಕಿದ್ರೆ ಬೀಳಲ್ಲ ಅನ್ಸ್ತದಲ್ಲೇ."

"ಅನ್ಸ್ತದೆ. ಹೆದರ್ಕೆ ಆದಾಗ ಮೈ ಗುಡ್ಡನ ತಬ್ಬಿಕೊಳ್ಳೋಕೆ ನೋಡ್ತದೆ. ಆದ್ರೆ ಹಲಗೆ ಮುಂಭಾಗ ಹಗುರ ಆಗಿ ನಿನ್ ಮಾತೇ ಕೇಳಲ್ಲ. ಕಣಿವೆ ಕಡೆ ಹೋದಷ್ಟೂ ಹತೋಟಿ ಸಿಗ್ತದೆ. ಕಾಲಿನ ಮುಂದಿನ ಎಲುಬು ಬೂಟಿನ ನಾಲಿಗೆಗೆ ತಾಗ್ತಾನೇ ಇರ್ಬೇಕು. ತಿರುವಲ್ಲಿ ಹೊರಗಿನ ಕಾಲ ಮೇಲೆ ನಿಲ್ಲು. ಅಷ್ಟೇ ವಿದ್ಯೆ."

ಹೇಳುವುದು ಅಷ್ಟೇ, ಮಾಡುವುದು ಅಷ್ಟಲ್ಲ. ಕಾಲು ಮುರಿದ ದಿನವನ್ನು ಎರ್ನಾಳ ಮನಸ್ಸು ಎಂದೋ ಮರೆತಿತ್ತು. ಕೀಲು, ಸೊಂಟ, ಬೆನ್ನು ಮಾತ್ರ ಮರೆತಿರಲಿಲ್ಲ. ಪ್ರತಿ ತಿರುವಿನಲ್ಲೂ ಅವು ಅವಳನ್ನು ಕೇಳದೆಯೇ ಹಿಂದಕ್ಕೆ ಸರಿದು ಅವಳನ್ನು ಕಾಪಾಡಲು ನೋಡುತ್ತಿದ್ದವು. ತನ್ನ ಮೈ ತನ್ನ ಬೆನ್ನ ಹಿಂದೆ ಇಷ್ಟು ದಿನ ಇಂಥದೊಂದು ಕೆಲಸ ಮಾಡುತ್ತಿತ್ತೆಂದು ತಿಳಿದಾಗ ಅವಳಿಗೆ ಅದರ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನಿಸಿತು. ಗುರುವಾರ ಬಂದಾಗಲೆಲ್ಲ ಬಸ್ಸು ಹತ್ತಿದಳು. "ನಿನ್ ಬಾಯಲ್ಲಿ ಒಟ್ಟು ಎಷ್ಟು ಹಲ್ಲಿದಾವೇ?" ಎಂದು ಲೋಯಿಸ್ ಕೇಳಿದ್ದಕ್ಕೆ, "ನಿನ್ನನ್ನ ಕಚ್ಚೋಕೆ ಸಾಕಾಗೋಷ್ಟು," ಎಂದಳು.

ಕಾರ್ನಿವಲ್ಲಿನ ಕೊನೆಯ ಸಂಜೆ ಅವಳು ಕರಡಿ ಓಣಿಯ ತಲೆಯ ಮೇಲೆ ಒಬ್ಬಳೇ ನಿಂತಿದ್ದಳು. ಕೆಳಗೆ ಊರಿನ ದೀಪಗಳು ಹತ್ತುತ್ತಿದ್ದವು. ಇಲ್ಲಿ ನಿಲ್ಲದೆ ಇಳಿದರೆ ಇಳಿತ ಅವಳದು, ಇಲ್ಲವಾದರೆ ನಾಳೆಯಿಂದ ಗಂಡನ ಪಕ್ಕದ ಸೀಟು. ಬಗ್ಗಿ ಮೇಲಿನ ಬಕಲನ್ನು ಒಂದು ಹಲ್ಲು ಸಡಿಲಿಸಿದಳು. ಮೊದಲ ತಿರುವಿನಲ್ಲೇ ಸೊಂಟ ಹಿಂದಕ್ಕೆ ಜಗ್ಗಿತು. "ನೀನು ಸುಮ್ನಿರು," ಎಂದು ಅದನ್ನು ಗದರಿಸಿ, ಎದೆಯನ್ನು ದೀಪಗಳ ಕಡೆಗೆ ಒಡ್ಡಿ, ಹೊರಗಿನ ಕಾಲ ಮೇಲೆ ಪೂರ್ತಿ ನಿಂತಳು. ಹಲಗೆ ಕಚ್ಚಿಕೊಂಡು ತಿರುಗಿತು. ಮತ್ತೊಂದು ತಿರುವು, ಇನ್ನೊಂದು. ಓಣಿ ಮುಗಿದದ್ದು ಗೊತ್ತಾದದ್ದು ತಾನು ಹಾಡುತ್ತಿದ್ದೇನೆಂದು ಕೇಳಿಸಿದಾಗ. ತೊಡೆಗಳು ಬೆಚ್ಚಗಿದ್ದವು, ಅಷ್ಟೇ. ಇಷ್ಟು ವರ್ಷ ತನ್ನನ್ನು ಮುದುಕಿಯೆಂದು ಒಪ್ಪಿಕೊಂಡಿದ್ದೆನಲ್ಲ ಎಂದು ಅವಳಿಗೆ ಕೋಪ ಉಕ್ಕಿ ಬಂತು.

ಗುಡ್ಡದ ಬುಡದಲ್ಲಿ ಲೋಯಿಸ್ ಯಂತ್ರದಿಂದ ಇಳಿದು ನಿಂತಿದ್ದ. ಅವಳು ಓಣಿ ಇಳಿದದ್ದನ್ನು ಮೊದಲಿನಿಂದ ಕೊನೆಯವರೆಗೂ ನೋಡಿದ್ದ.

"ಇದನ್ನ ಎಲ್ಲಿ ಕಲ್ತೆ?"

"ಆಚೆ ಕಣಿವೆ ಸ್ಕೀ ಶಾಲೇಲಿ, ಗಿಟ್ಟಿ ಅನ್ನೋಳ ಹತ್ರ," ಎಂದಳು ಗದ್ದ ಎತ್ತಿ. "ಕಾಲು ಮುರಿದಾಗಿಂದ ತೊಡೆ ಉರೀತಿತ್ತು, ಅದಕ್ಕೇ ಹೋದೆ. ನಗೋದಿದ್ರೆ ಈಗಲೇ ನಕ್ಬಿಡು."

ಅವನು ನಗಲಿಲ್ಲ. ಮದುವೆಗೆ ಮುಂಚೆ ಕಣಿವೆಯ ಪಂದ್ಯಗಳನ್ನೆಲ್ಲ ಗೆದ್ದವನು, ಈಚೆಗೆ ಪುರುಸೊತ್ತಿಲ್ಲವೆಂದು ಸ್ಕೀ ಮುಟ್ಟುವುದನ್ನೇ ಬಿಟ್ಟಿದ್ದವನು, ಸುತ್ತಮುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಆಯಮ್ಮ ಗಂಡಸರಿಗೂ ಹೇಳ್ಕೊಡ್ತಾಳಾ?"

"ಯಾಕೆ, ನಿಂಗೇನಾಗಿದೆ?" ಎಂದಳು ಎರ್ನಾ.

"ನಂಗೂ ಉರೀತದೆ ಕಣೇ," ಎಂದ ಲೋಯಿಸ್. "ನಿನಗಿಂತ ಮುಂಚಿನಿಂದ."

ಒಂದೇ ಮಂಚದಲ್ಲಿ ಮಲಗಿ, ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಕಂಬಳಿಯೊಳಗೆ ತೊಡೆ ತಿಕ್ಕಿಕೊಂಡ ಚಳಿಗಾಲಗಳನ್ನು ನೆನೆದು ಅವಳಿಗೆ ಅಳು ಬಂತು.