ಗಂಟೆ ಹೊಡೆಯದ ಮಷಿನ್

ಕಂಪ್ಯೂಟರ್ ಇರುವ ಕಾಲದಲ್ಲಿ ಟೈಪ್‌ರೈಟರ್ ಯಾಕೆ ಕಲಿತಿರಿ ಎಂದು ಈಗಲೂ ಜನ ಕೇಳುತ್ತಾರೆ. ನನ್ನನ್ನು ಯಾಕೆ ಕೇಳಬೇಕು? ಕೇಳಬೇಕಾದದ್ದು ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆಯುವವರನ್ನು. ಕೆಲಸ ಸಿಕ್ಕ ಮೇಲೆ ಕೂರುವುದು ಕಂಪ್ಯೂಟರಿನ ಮುಂದೆಯೇ. ಆದರೆ ಆ ಕುರ್ಚಿ ಬೇಕಾದರೆ ಮೊದಲು ಕಬ್ಬಿಣದ ಮಷಿನ್ ಕುಟ್ಟಿ, ಸೀನಿಯರ್ ಪರೀಕ್ಷೆಯ ಸರ್ಟಿಫಿಕೇಟ್ ತರಬೇಕು. ನನಗೆ ಮೂವತ್ತೇಳು ದಾಟಿತ್ತು. ವಯಸ್ಸಿನ ಮಿತಿ ಮುಗಿಯಲು ಒಂದು ವರ್ಷವೂ ಉಳಿದಿರಲಿಲ್ಲ. ಈ ಸಲದ ಪರೀಕ್ಷೆ ಕೈ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಮಾತೇ ಇರಲಿಲ್ಲ.

ನಮ್ಮೂರು ಬೀಡಿಯಿಂದ ಖಾನಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. "ಬಸ್ ಪುಕ್ಕಟ ಆದಾಗಿಂದ ನಿಮ್ಮ ಸೊಸಿ ಮನ್ಯಾಗ ನಿಲ್ಲವಲ್ಲಳು ನೋಡ್ರಿ" ಎಂದು ಬಾಜು ಮನೆಯವಳು ನನ್ನ ಅತ್ತೆಯ ಕಿವಿ ಊದಿದಳು. ಬೆಳಗಾಗುವ ಮೊದಲೇ ಎದ್ದು ರೊಟ್ಟಿ ಬಡಿದು, ಎರಡು ಮಕ್ಕಳ ಡಬ್ಬಿ ಕಟ್ಟಿ, ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡು ಹೋಗುವವಳು ಇವರ ಕಣ್ಣಿಗೆ ತಿರುಗಾಟದವಳು! ಅತ್ತೆ ಮಾತ್ರ ಬಗ್ಗಲಿಲ್ಲ. "ಅಕಿ ಕಲಿಯಾಕ ಹೊಂಟಾಳ. ಬಸ್ಸು ನಿಮ್ಮ ಮನೀದೇನು?" ಎಂದು ಒಂದೇ ಮಾತಿಗೆ ಅವಳ ಬಾಯಿ ಮುಚ್ಚಿಸಿದರಂತೆ. ಅದನ್ನು ಕೇಳಿದ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಟೈಪಿಂಗ್ ಕ್ಲಾಸು ಖಾನಾಪುರದ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಹತ್ತು ಮಷಿನ್‌ಗಳು, ಒಬ್ಬರೇ ಸರ್. ಅವರು ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಮನುಷ್ಯ. ಕಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಸಿಟ್ಟಿದ್ದರೂ ಹೇಳಲೇಬೇಕು. ಕಣ್ಣು ಪುಸ್ತಕದ ಮೇಲಿರಬೇಕು, ಮಷಿನ್ ಕಡೆ ತಲೆ ಎತ್ತಬಾರದು ಎನ್ನುವುದು ಅವರ ಮೊದಲ ಪಾಠ. ಸಾಲು ಮುಗಿಯುತ್ತ ಬಂದಾಗ ಮಷಿನ್ನಿನ ಒಳಗಿನ ಪುಟ್ಟ ಗಂಟೆ ಟಿಣ್ ಎನ್ನುತ್ತದೆ. ಆಗ ಹೊಡೆಯುತ್ತಿದ್ದ ಪದ ಮುಗಿಸಿ, ಎಡಗೈಯಿಂದ ಹಿಡಿಕೆ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ಕಣ್ಣಿನ ಕೆಲಸ ಕಿವಿ ಮಾಡಬೇಕು ಅಷ್ಟೆ.

ಕಿಟಕಿ ಪಕ್ಕದ ಹಸಿರು ಮಷಿನ್ ನನ್ನದು. ನನ್ನದೆಂದರೆ ವರ್ಷವಿಡೀ ನಾನು ಕಲಿತದ್ದು ಅದರ ಮೇಲೆ. ಅದರ ಕೀಗಳು ಹಗುರ, ಗಂಟೆ ಖಣಖಣ. ಗೋಡೆ ಪಕ್ಕದ ಮಷಿನ್ ಮೇಲೆ ಸರ್ ಅವರ ಮಗಳು ಕಲಿಯುತ್ತಿದ್ದಳು. ಡಿಗ್ರಿ ಮುಗಿಸಿದ ಹುಡುಗಿ, ಮಾತು ಕಡಿಮೆ. ಅವಳ ಮಷಿನ್ನಿನ ಕೀಗಳನ್ನು ಗುದ್ದಿಯೇ ಹೊಡೆಯಬೇಕಿತ್ತು, ಗಂಟೆ ಯಾವಾಗಲೋ ಸತ್ತಿತ್ತು. "ಸಾಮಾನ ಸಿಗೂದಿಲ್ಲ" ಎಂದು ಸರ್ ಅದನ್ನು ರಿಪೇರಿ ಮಾಡಿಸಿರಲಿಲ್ಲ. ಆ ಹುಡುಗಿ ಗುದ್ದಿ ಗುದ್ದಿ ಅದಕ್ಕೇ ಒಗ್ಗಿಹೋಗಿದ್ದಳು. ಸಾಲಿನ ಕೊನೆಗೆ ತಲೆ ಎತ್ತಿ ನೋಡುತ್ತಿದ್ದಳು. ಅವರಪ್ಪ ಬೈಯುತ್ತಿರಲಿಲ್ಲ.

ಪರೀಕ್ಷೆ ಬೆಳಗಾವಿಯ ಒಂದು ಶಾಲೆಯಲ್ಲಿತ್ತು. ಈ ಪರೀಕ್ಷೆಗೆ ಪೆನ್ನು ಒಯ್ದಂತೆ ಮಷಿನ್ನನ್ನೂ ನಾವೇ ಒಯ್ಯಬೇಕು. ಕೌದಿಗಳಲ್ಲಿ ಸುತ್ತಿ ಟೆಂಪೋದಲ್ಲಿ ಹೇರಿ, ಅಲ್ಲಿ ಇಳಿಸಿಕೊಂಡು, ಅವರವರದ್ದನ್ನು ಅವರವರೇ ಎರಡನೇ ಮಹಡಿಗೆ ಹೊರಬೇಕು. ಬಸುರಿಯೊಬ್ಬಳು ಮೆಟ್ಟಿಲ ಬಳಿ ಮಷಿನ್ ಇಟ್ಟು ಏದುಸಿರು ಬಿಡುತ್ತ ಕೂತಿದ್ದಳು. ಬೆರಳಿನ ವೇಗ ನೋಡುವ ಪರೀಕ್ಷೆಗೆ ಸೊಂಟದ ಗಟ್ಟಿತನ ಯಾಕೆ ಬೇಕೋ, ನಿಯಮ ಮಾಡಿದವರೇ ಹೇಳಬೇಕು.

ನಾನು ಹಸಿರು ಮಷಿನ್ನಿನ ಕೌದಿ ಬಿಚ್ಚುತ್ತಿದ್ದೆ. ಸರ್ ಬಂದರು. ಜೊತೆಗೆ ಮಗಳು, ತಲೆ ತಗ್ಗಿಸಿಕೊಂಡು.

"ಬಾಯಾರ, ಇವತ್ತೊಂದಿನ ಇದು ನಮ್ಮ ಹುಡುಗಿಗೆ ಇರ್ಲಿ. ನೀವು ಅಕೀದು ತಗೋರಿ. ನಿಮ್ಮ ಕೈ ಪಳಗೇತಿ, ಹೆಂಗರ ನಡೀತೈತಿ. ಅಕಿಗೆ ಮುಂದ ನೌಕರಿ, ಲಗ್ನ ಎಲ್ಲಾ ಐತಿ."

ನನಗೇನು ಮುಂದೆ ಏನೂ ಇರಲಿಲ್ಲವೇ? ಆದರೂ ಗಂಟೆ ಸತ್ತ ಆ ಮಷಿನ್ನನ್ನೇ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಕಾಗದ ಏರಿಸಿ ಮಷಿನ್ ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟಿದ್ದರು. ಒಂದು ಸಾಲು ಹೊಡೆದು ನೋಡಿದೆ. ಕೀಗಳು ಬಾವಿಯ ಹಗ್ಗದಷ್ಟು ಬಿಗಿ. ಸಾಲು ಮುಗಿದದ್ದೇ ಗೊತ್ತಾಗಲಿಲ್ಲ, ಮಷಿನ್ ಗಕ್ಕನೆ ನಿಂತಿತು. ಬೆವರು ಬಂತು. ಹಣೆ ಒರೆಸಿಕೊಳ್ಳುವಾಗ ಬೊಟ್ಟಿನ ಟಿಕಳಿ ಕೈಗೆ ಅಂಟಿಕೊಂಡು ಬಂತು. ಅದನ್ನೇ ಕಾಗದದ ಮೇಲಿನ ಅಳತೆಪಟ್ಟಿಗೆ, ಗಂಟೆ ಹೊಡೆಯಬೇಕಾಗಿದ್ದ ಜಾಗಕ್ಕೆ ಅಂಟಿಸಿದೆ. ಕೆಂಪು ಬಣ್ಣ ಕಣ್ಣಂಚಿಗೆ ಬಂದರೆ ಸಾಲು ಮುಗಿಯಿತೆಂದು ತಿಳಿದರಾಯಿತು.

ಮೇಲ್ವಿಚಾರಕರು ಬಂದು ಬಗ್ಗಿ ನೋಡಿದರು. "ಏನ್ರೀ ಅದು?"

"ಟಿಕಳಿರಿ ಸರ್. ಇದರ ಗಂಟಿ ಸತ್ತೈತ್ರಿ."

ಅವರು ನಗು ತಡೆದುಕೊಂಡು ಮುಂದೆ ಹೋದರು. ನನಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಮೊದಲ ಪುಟವೆಲ್ಲ ಸರ್ ಮುಖವನ್ನೇ ಗುದ್ದಿದ ಹಾಗೆ ಗುದ್ದಿದೆ. ಆ ಮಷಿನ್ನಿಗೆ ಬೇಕಾದದ್ದೂ ಅದೇ ಆಗಿತ್ತು. ಹೊತ್ತು ಮುಗಿಯುವ ಮೊದಲೇ ನನ್ನ ಕೊನೆಯ ಸಾಲು ಮುಗಿದಿತ್ತು, ಬೆರಳ ತುದಿಗಳು ಉರಿಯುತ್ತಿದ್ದವು.

ಮುಂದಿನ ಬೆಂಚಿನಲ್ಲಿ ಆ ಹುಡುಗಿಯ ಪಾಡು ಬೇರೆ. ಗುದ್ದುವ ಕೈಗೆ ಹಗುರ ಕೀಗಳು ಸಿಕ್ಕು ಅಕ್ಷರದ ಅಚ್ಚುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಗಂಟೆ ಹೊಡೆದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು. ಕೈ ಮಷಿನ್ನಿಗೆ ಒಗ್ಗುತ್ತದೆ ಎಂದು ಮೂವತ್ತು ವರ್ಷ ಕಲಿಸಿದ ಮನುಷ್ಯನಿಗೆ ಮಗಳ ಸಲುವಾಗಿ ಅದೇ ಪಾಠ ಮರೆತುಹೋಗಿತ್ತು.

ಫಲಿತಾಂಶ ಮೊಬೈಲಿಗೆ ಬಂತು. ನನಗೆ ನೂರಕ್ಕೆ ತೊಂಬತ್ತೊಂದು. ಅವಳು ಫೇಲು. ನಾನು ಅದೇ ವಾರ ಅರ್ಜಿ ಹಾಕಿದೆ.

ಸರ್ ಕ್ಲಾಸಿನಲ್ಲಿ ಸತ್ಕಾರ ಇಟ್ಟರು. ಶಾಲು ಹೊದಿಸಿ, ಎಲ್ಲರ ಮುಂದೆ ಮೈಕು ಹಿಡಿದರು. "ಇವರ ತಾಕತ್ತು ನನಗ ಗೊತ್ತಿತ್ತು. ಅದಕ್ಕ ಬೇಕಂತನ ಗಂಟಿ ಇಲ್ಲದ ಮಷಿನ್ ಕೊಟ್ಟಿದ್ದೆ. ಗುರು ಆದಾಂವ ಹಿಂಗ ಪರೀಕ್ಷಾ ಮಾಡಬೇಕಾಗ್ತೈತಿ!"

ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಕಿತ್ತುಕೊಂಡದ್ದನ್ನೇ ವರ ಕೊಟ್ಟೆ ಎಂದು ಹೇಳಿಕೊಳ್ಳುವ ಬಾಯಿಗೆ ಏನೆನ್ನಬೇಕು? ಮೈಕು ನನ್ನ ಕೈಗೆ ಬಂದಾಗ ಒಂದೇ ಮಾತು ಹೇಳಿದೆ. "ಹಂಗಾದ್ರ ಸರ್, ಅಂಥಾ ಪರೀಕ್ಷಾ ಮೊದಲ ನಿಮ್ಮ ಮಗಳಿಗೆ ಮಾಡಬೇಕಿತ್ರಿ."

ಶಾಲು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ. ಅಬ್ಬಾ, ಅಂದೇಬಿಟ್ಟೆನಲ್ಲ ಎಂದು ಎದೆ ಹಗುರಾಗಿತ್ತು. ಹಿಂದೆಯೇ ಆ ಹುಡುಗಿ ಓಡಿ ಬಂದಳು. ಕಣ್ಣು ತುಂಬಿತ್ತು.

"ಅಕ್ಕಾರ, ನಾನು ಬ್ಯಾಡ ಅಂದಿದ್ನಿರಿ. ಟೆಂಪೋದಾಗ ಎರಡು ಸಲ ಅಂದ್ನಿ. ಅಪ್ಪ ಕೇಳಲಿಲ್ಲ. ನೀವರ ಬ್ಯಾಡ ಅಂತೀರಿ ಅಂತ ನಿಮ್ಮ ಕಡೆ ನೋಡಿಕೋತ ನಿಂತಿದ್ನಿ."

ಆ ದಿನ ಶಾಲೆಯಲ್ಲಿ ಹಸಿರು ಮಷಿನ್ ಕೇಳಿದಾಗ ನಾನು ಸರ್‌ಗೆ ಹೇಳಿದ್ದು ಒಂದೇ ಮಾತು: "ಆತ್ರಿ ಸರ್, ಇರ್ಲಿ."